ಬೆನ್ನು ನೋವಿಗೆ ಮೆಮೊರಿ ಫೋಮ್: ಮೊದಲು ಕೆಳಗಿನ ಹಾಸಿಗೆ ನೋಡಿ

ಪ್ರಶ್ನೆ: ಮೇಡಂ, ನನಗೆ 54 ವರ್ಷ. ಸೋಮವಾರಪೇಟೆ ಹತ್ತಿರ ನಮ್ಮದು ಆರು ಎಕರೆ ಕಾಫಿ ತೋಟ. ಮೂರು ವರ್ಷದಿಂದ ಸೊಂಟ ನೋವು. ಬೆಳಿಗ್ಗೆ ಏಳುವಾಗ ಜಾಸ್ತಿ, ಸ್ವಲ್ಪ ಹೊತ್ತು ಓಡಾಡಿದ ಮೇಲೆ ಸಡಿಲವಾಗುತ್ತದೆ. ಡಾಕ್ಟರು ಎಕ್ಸ್‌ರೇ ನೋಡಿ ಮೂಳೆಗೆ ಏನೂ ಆಗಿಲ್ಲ ಎಂದರು. ನಮ್ಮ ಹಾಸಿಗೆ ತೆಂಗಿನ ನಾರಿನದು, ಹನ್ನೆರಡು ವರ್ಷ ಹಳೆಯದು. ಮಂಚ ಮಾವನವರ ಕಾಲದ ಬೀಟೆ ಮರದ್ದು, ಆರಡಿಗೆ ಐದಡಿ. ಬೆಂಗಳೂರಿನಲ್ಲಿರುವ ಮಗಳು ಮೆಮೊರಿ ಫೋಮ್ ಟಾಪರ್ ಕಳಿಸುತ್ತೇನೆ, ಎರಡು ಇಂಚು ಬೇಕಾ ನಾಲ್ಕು ಇಂಚು ಬೇಕಾ ಎಂದು ಕೇಳುತ್ತಿದ್ದಾಳೆ. ಯಜಮಾನರು, ‘ಅದೆಲ್ಲ ಯಾಕೆ, ಹಲಗೆ ಮೇಲೆ ಮಲಗು’ ಎನ್ನುತ್ತಾರೆ. ನಾನು 58 ಕಿಲೋ, ಅವರು 84. ಯಾರ ಮಾತು ಕೇಳಲಿ?
– ಹೆಸರು ಬೇಡ, ಸೋಮವಾರಪೇಟೆ

ಉತ್ತರ: ಅಕ್ಕ, ನಿಮ್ಮ ಕಾಗದದಲ್ಲಿ ನಾನು ಪೆನ್ನಿನಿಂದ ಗೆರೆ ಎಳೆದಿಟ್ಟ ಮಾತು ‘ಹನ್ನೆರಡು ವರ್ಷ ಹಳೆಯದು’ ಎಂಬುದು. ಟಾಪರ್ ಅಂದರೆ ಹಾಸಿಗೆಯ ಮೇಲೆ ಹಾಸುವ ಇನ್ನೊಂದು ಪದರ ಅಷ್ಟೆ. ಕೆಳಗಿನ ಹಾಸಿಗೆ ಹಳ್ಳ ಬಿದ್ದಿದ್ದರೆ ಟಾಪರ್ ಕೂಡ ಅದೇ ಹಳ್ಳದಲ್ಲಿ ಕೂರುತ್ತದೆ, ನಿಮ್ಮ ಸೊಂಟವೂ ಅದರ ಜೊತೆ ಇಳಿಯುತ್ತದೆ. ಎಂಟು ಸಾವಿರ ಕೊಟ್ಟು ಟಾಪರ್ ಹಾಕಿಕೊಂಡು, ‘ಮೊದಲಿನ ವಾರ ಹಾಯಾಗಿತ್ತು, ಈಗ ಮತ್ತೆ ಅದೇ ನೋವು’ ಎಂದು ನನ್ನ ಬಳಿ ಬಂದವರು ಬಹಳ ಜನ. ಕೇಳಿದರೆ ಕೆಳಗಿನ ಹಾಸಿಗೆ ಮದುವೆಯಲ್ಲಿ ಕೊಟ್ಟದ್ದಾಗಿರುತ್ತದೆ.

ಮಗಳಿಗೆ ಉತ್ತರ ಹೇಳುವ ಮೊದಲು ಇವತ್ತೇ ಒಂದು ಕೆಲಸ ಮಾಡಿ. ಹಾಸಿಗೆ ಮೇಲಿನ ಬೆಡ್‌ಶೀಟ್ ತೆಗೆಯಿರಿ. ಒಂದು ಗಟ್ಟಿ ದಾರ ತೆಗೆದುಕೊಂಡು, ನಿಮ್ಮ ಸೊಂಟ ಬರುವ ಜಾಗದಲ್ಲಿ ಮಂಚದ ಈ ಕಡೆಯಿಂದ ಆ ಕಡೆಗೆ ಅಡ್ಡ ಹಿಡಿಯಿರಿ. ಒಂದು ತುದಿ ನೀವು, ಇನ್ನೊಂದು ತುದಿ ಯಜಮಾನರು. ದಾರ ಬಿಗಿಯಾಗಿರಲಿ. ಈಗ ದಾರಕ್ಕೂ ಹಾಸಿಗೆಗೂ ನಡುವೆ ಎಷ್ಟು ಸಂದು ಇದೆ ನೋಡಿ. ಒಂದು ಬೆರಳು ಅಡ್ಡಡ್ಡ ಹೋಗುವಷ್ಟು ಇದ್ದರೆ ಪರವಾಗಿಲ್ಲ. ಎರಡು ಬೆರಳು ಸಲೀಸಾಗಿ ತೂರಿದರೆ ಆ ಹಾಸಿಗೆಗೆ ಟಾಪರ್ ಹಾಕುವುದು ದಂಡ. ಆ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿ ಹಾಸಿಗೆಯನ್ನೇ ಬದಲಿಸಿ. ಬದಲಿಸುವ ಮುಂಚೆ ಮಂಚದ ಪಟ್ಟಿಗಳನ್ನೂ ನೋಡಿ. ಹಳೇ ಬೀಟೆ ಮಂಚ ಗಟ್ಟಿಯೇ, ಆದರೆ ನಡುವಿನ ಪಟ್ಟಿಗಳನ್ನು ಯಾವಾಗಲೋ ಸಿಲ್ವರ್ ಮರದಲ್ಲಿ ಬದಲಿಸಿರುತ್ತಾರೆ, ಅವು ಬಾಗಿರುತ್ತವೆ.

ಹಾಸಿಗೆ ಸಮತಟ್ಟಾಗಿದೆ, ಆದರೆ ಗಟ್ಟಿ ಎನಿಸುತ್ತದೆ, ಮಗ್ಗುಲಾಗಿ ಮಲಗಿದರೆ ಭುಜ, ಸೊಂಟದ ಮೂಳೆ ಒತ್ತುತ್ತದೆ ಅಂದರೆ ಆಗ ಟಾಪರ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಮೆಮೊರಿ ಫೋಮ್ ಹುಟ್ಟಿದ್ದೇ ಒತ್ತಡ ಹಂಚುವುದಕ್ಕೆ. 1966ರಲ್ಲಿ ಅಮೆರಿಕದ ನಾಸಾ ಸಂಸ್ಥೆಗಾಗಿ ಚಾರ್ಲ್ಸ್ ಯೋಸ್ಟ್ ಎಂಬ ಎಂಜಿನಿಯರ್ ಇದನ್ನು ವಿಮಾನದ ಸೀಟಿಗೆಂದು ಮಾಡಿದರು. ಆಮೇಲೆ ಎದ್ದು ಓಡಾಡಲಾಗದ ರೋಗಿಗಳಿಗೆ ಹಾಸಿಗೆ ಹುಣ್ಣು ಆಗದಿರಲಿ ಎಂದು ಆಸ್ಪತ್ರೆಗಳು ಬಳಸಿದವು. ಮೈ ಬಿಸಿ ಮತ್ತು ಭಾರಕ್ಕೆ ಇದು ನಿಧಾನಕ್ಕೆ ಇಳಿದು ಮೈಯ ಆಕಾರಕ್ಕೆ ಕೂರುತ್ತದೆ. ಅಂಗೈ ಒತ್ತಿ ಹತ್ತು ಎಣಿಸಿ ಕೈ ಎತ್ತಿದರೆ ಐದು ಬೆರಳಿನ ಗುರುತು ಹಾಗೇ ನಿಂತಿದ್ದು ಮೆಲ್ಲಗೆ ತುಂಬಿಕೊಳ್ಳುತ್ತದೆ.

ಈಗ ಯಜಮಾನರ ಮಾತಿಗೆ ಬರುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಸೊಂಟ ನೋವಿನವರಿಗೆಲ್ಲ ಹಲಗೆ ಮೇಲೆ ಮಲಗಿ ಎಂದೇ ಹೇಳುತ್ತಿದ್ದೆ. ಆಗ ಎಲ್ಲರೂ ಹೇಳುತ್ತಿದ್ದುದೇ ಅದು. 2003ರಲ್ಲಿ ಸ್ಪೇನ್ ದೇಶದಲ್ಲಿ ಮಾಡಿದ ಒಂದು ಪರೀಕ್ಷೆ ‘ಲಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಬಹಳ ಕಾಲದ ಸೊಂಟ ನೋವಿದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆ, ಉಳಿದವರಿಗೆ ಮಧ್ಯಮ ಗಟ್ಟಿಯ ಹಾಸಿಗೆ ಕೊಟ್ಟು 90 ದಿನ ನೋಡಿದರು. ಮಧ್ಯಮದ ಮೇಲೆ ಮಲಗಿದವರಿಗೇ ನೋವು ಹೆಚ್ಚು ಇಳಿಯಿತು. ಅವರು ನೋಡಿದ್ದು ಇಡೀ ಹಾಸಿಗೆಯನ್ನು, ಟಾಪರ್ ಅಲ್ಲ. ಆದರೂ ಹಲಗೆಯ ಮಾತನ್ನು ನಾನು ಅಲ್ಲಿಗೇ ಬಿಟ್ಟೆ. ಯಜಮಾನರಿಗೆ ಇದನ್ನು ಓದಿ ಹೇಳಿ. ಅವರು ತಪ್ಪು ಹೇಳಿದರು ಎಂದಲ್ಲ, ಅವರ ಕಾಲದಲ್ಲಿ ಡಾಕ್ಟರುಗಳೇ ಹಾಗೆ ಹೇಳುತ್ತಿದ್ದರು.

ದಪ್ಪ ಎಷ್ಟು? ನಾಲ್ಕು ಇಂಚು ಬೇಡ ಎಂದು ಮಗಳಿಗೆ ಹೇಳಿ. ಇದನ್ನು ನಾನು ನಮ್ಮ ಮನೆಯಲ್ಲೇ ಕಲಿತದ್ದು. ಅತ್ತೆಗೆ ಆಗ 76. ಮಡಿಕೇರಿಯ ಮನೆಗೆ ನಾಲ್ಕು ಇಂಚಿನ ಮೆತ್ತನೆಯ ಟಾಪರ್ ತರಿಸಿದೆ. ದಪ್ಪ ಇದ್ದಷ್ಟೂ ಒಳ್ಳೆಯದು ಎಂದು ಅಂಗಡಿಯವರು ಹೇಳಿದ್ದನ್ನು ನಂಬಿದೆ. ರಾತ್ರಿ ಎರಡು ಗಂಟೆಗೆ ಅತ್ತೆ ಕೂಗಿದರು. ಹೋಗಿ ನೋಡಿದರೆ ಮಗ್ಗುಲು ಬದಲಿಸಲು ಒದ್ದಾಡುತ್ತಿದ್ದರು. ಮೊಣಕೈ ಊರಿದರೆ ಮೊಣಕೈಯೇ ಒಳಗೆ ಹೋಗುತ್ತಿತ್ತು. ಹನ್ನೊಂದು ರಾತ್ರಿ ಆದ ಮೇಲೆ ತೆಗೆದೆವು. ಮೆಮೊರಿ ಫೋಮ್ ನಿಧಾನಕ್ಕೆ ಏಳುವ ವಸ್ತು. ಹೊರಳುವಾಗ ಮೈಗೆ ಅದರಿಂದ ಒತ್ತಾಸೆ ಸಿಗುವುದಿಲ್ಲ. ಸೊಂಟ ನೋವಿದ್ದವರಿಗೆ ಹೊರಳುವುದೇ ಕಷ್ಟದ ಕೆಲಸ, ಅಲ್ವಾ?

ನೀವು ಒಬ್ಬರೇ ಮಲಗುವುದಾದರೆ ಎರಡು ಇಂಚು ಸಾಕಿತ್ತು. ಆದರೆ 84 ಕಿಲೋ ಭಾರಕ್ಕೆ ಎರಡು ಇಂಚು ಪೂರ್ತಿ ಅಮರಿ, ಕೆಳಗಿನ ನಾರು ಮತ್ತೆ ಒತ್ತುತ್ತದೆ. ಇಬ್ಬರಿಗೂ ಸೇರಿ ಮೂರು ಇಂಚು, ಮಧ್ಯಮ ಗಟ್ಟಿ. ಮಂಚ ಮೂರು ಇಂಚು ಎತ್ತರವಾಗುತ್ತದೆ ಎಂಬುದು ನೆನಪಿರಲಿ. ಅಂಚಿನಲ್ಲಿ ಕೂತಾಗ ಪಾದ ಪೂರ್ತಿ ನೆಲ ಮುಟ್ಟಬೇಕು. ಮುಟ್ಟದಿದ್ದರೆ ಮಂಚದ ಕಾಲಿನ ಕೆಳಗೆ ಇಟ್ಟಿರುವ ಇಟ್ಟಿಗೆ ತೆಗೆಯಿರಿ. ನಮ್ಮ ಕಡೆ ಮಂಚದಡಿ ಸಾಮಾನು ಇಡಲು ಇಟ್ಟಿಗೆ ಇಡುತ್ತಾರಲ್ಲ, ಅದಕ್ಕೆ ಹೇಳಿದೆ.

ದಪ್ಪಕ್ಕಿಂತ ಮುಖ್ಯ ಸಾಂದ್ರತೆ. ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಎಂಬ ಲೆಕ್ಕ ಅದು. 50ರ ಆಸುಪಾಸು ಅಥವಾ ಅದಕ್ಕಿಂತ ಮೇಲಿದ್ದರೆ ಬಾಳಿಕೆ ಬರುತ್ತದೆ. ಕಡಿಮೆ ಸಾಂದ್ರತೆಯದು ಬೇಗ ಕುಸಿಯುತ್ತದೆ. ಕೆಲವರು ಮೇಲೆ ಒಂದೇ ಇಂಚು ಮೆಮೊರಿ ಫೋಮ್ ಹಾಕಿ ಕೆಳಗೆ ಸಾಮಾನ್ಯ ಫೋಮ್ ಅಂಟಿಸಿರುತ್ತಾರೆ. ಪೂರ್ತಿ ಮೂರು ಇಂಚೂ ಮೆಮೊರಿ ಫೋಮ್ ತಾನೇ ಎಂದು ಮಗಳು ಬರಹದಲ್ಲೇ ಕೇಳಿಕೊಳ್ಳಲಿ. ಮನೆಗೆ ಬಂದ ಮೇಲೆ ನೀವೇ ಪರೀಕ್ಷೆ ಮಾಡಬಹುದು. ಕಾಫಿ ತೂಗುವ ಯಂತ್ರ ಇದೆಯಲ್ಲ, ಹೊರಗಿನ ಡಬ್ಬ, ಕವರ್ ತೆಗೆದು ಅದರ ಮೇಲೆ ಇಡಿ. ಆರಡಿಗೆ ಐದಡಿ, ಮೂರು ಇಂಚು, ಸಾಂದ್ರತೆ 50 ಎಂದರೆ ಫೋಮ್ ಹತ್ತೂವರೆ ಕಿಲೋ ತೂಗಬೇಕು. ಆರೇ ಕಿಲೋ ತೂಗಿದರೆ ಸಾಂದ್ರತೆ 30 ಕೂಡ ಇಲ್ಲ. ವಾಪಸ್ ಕಳಿಸಿ. ನಿಮ್ಮ ಪಿನ್‌ಕೋಡ್‌ನಿಂದ ವಾಪಸ್ ತೆಗೆದುಕೊಂಡು ಹೋಗುತ್ತಾರಾ ಎಂಬುದನ್ನೂ ದುಡ್ಡು ಕಟ್ಟುವ ಮೊದಲೇ ಕೇಳಿ.

ಇನ್ನು ನಮ್ಮ ಕೊಡಗಿನ ಥಂಡಿ. ಇದನ್ನು ಜಾಹೀರಾತಿನಲ್ಲಿ ಯಾರೂ ಹೇಳುವುದಿಲ್ಲ. ಮೆಮೊರಿ ಫೋಮ್ ಬಿಸಿಯಲ್ಲಿ ಮೆತ್ತಗೆ, ಚಳಿಯಲ್ಲಿ ಬಿರುಸು. ಕಾವಲಿಯಿಂದ ತೆಗೆದ ಅಕ್ಕಿ ರೊಟ್ಟಿ ಮೃದುವಾಗಿದ್ದು ಆರಿದ ಮೇಲೆ ಗಟ್ಟಿಯಾಗುತ್ತದಲ್ಲ, ಹಾಗೆ. ಮಗಳು ಬೆಂಗಳೂರಿನ ಅಂಗಡಿಯಲ್ಲಿ ಮಧ್ಯಾಹ್ನ ಒತ್ತಿ ನೋಡಿ ‘ಎಷ್ಟು ಮೆತ್ತಗಿದೆ ಅಮ್ಮ’ ಎಂದದ್ದು ಡಿಸೆಂಬರ್ ರಾತ್ರಿ ನಿಮ್ಮ ಕೋಣೆಯಲ್ಲಿ ಹಲಗೆಯಂತೆ ಅನ್ನಿಸಬಹುದು. ಹೆದರಬೇಡಿ, ಮೈ ಬಿಸಿ ತಾಗಿ ಹತ್ತು ಹದಿನೈದು ನಿಮಿಷಕ್ಕೆ ಇಳಿಯುತ್ತದೆ. ಮಲಗುವ ಮೊದಲು ಬಿಸಿನೀರಿನ ಬ್ಯಾಗನ್ನು ಬಟ್ಟೆಯಲ್ಲಿ ಸುತ್ತಿ ಸೊಂಟ ಬರುವ ಜಾಗದಲ್ಲಿ ಹತ್ತು ನಿಮಿಷ ಇಟ್ಟು ತೆಗೆಯಿರಿ. ಮೈ ಕೆಳಗೆ ಮಾತ್ರ ಕಂಬಳಿ ಹಾಸಬೇಡಿ. ಕಂಬಳಿ ಅಡ್ಡ ಬಂದರೆ ಮೈ ಬಿಸಿ ಫೋಮಿಗೆ ಹೋಗುವುದೇ ಇಲ್ಲ. ತೆಳು ಹತ್ತಿ ಬಟ್ಟೆ ಸಾಕು, ಕಂಬಳಿ ಮೇಲಕ್ಕೆ ಇರಲಿ. ಚಳಿಗೆ ಗಟ್ಟಿಯಾಗುವುದು ಬೇಡವೇ ಬೇಡ ಎನ್ನುವವರು ರಬ್ಬರ್ ಹಾಲಿನಿಂದ ಮಾಡಿದ ಲೇಟೆಕ್ಸ್ ಟಾಪರ್ ನೋಡಬಹುದು. ಅದಕ್ಕೆ ಚಳಿ ಅಷ್ಟು ತಟ್ಟುವುದಿಲ್ಲ, ಹೊರಳುವುದೂ ಸುಲಭ. ಬೆಲೆ ಜಾಸ್ತಿ, ಎತ್ತಿಡಲು ಭಾರ.

ಸುರುಳಿ ಸುತ್ತಿ ಬಂದ ಟಾಪರ್ ಪೂರ್ತಿ ಅರಳಲು ಒಂದೆರಡು ದಿನ ಬೇಕು, ಚಳಿಗಾಲದಲ್ಲಿ ಇನ್ನೂ ಒಂದು ದಿನ. ಹೊಸತರ ವಾಸನೆ ಹೋಗಲು ಗಾಳಿ ಆಡುವ ಜಗುಲಿಯಲ್ಲಿ ಬಿಡಿಸಿಡಿ. ಆಮೇಲೆ ಮೂರು ವಾರ ಮಲಗಿ ನೋಡಿ. ಮೊದಲ ಕೆಲವು ದಿನ ಹೊಸ ಜಾಗದಲ್ಲಿ ನೋವು ಬಂದರೆ ಮೈ ಹೊಂದಿಕೊಳ್ಳುತ್ತಿದೆ ಎಂದು ತಿಳಿಯಬಹುದು. ಮೂರು ವಾರವಾದರೂ ಹಾಗೇ ಇದ್ದರೆ ಅದು ನಿಮಗೆ ಆಗುವುದಿಲ್ಲ.

ಮಗ್ಗುಲಾಗಿ ಮಲಗುವಾಗ ಮೊಣಕಾಲುಗಳ ನಡುವೆ ಒಂದು ದಿಂಬು, ಅಂಗಾತ ಮಲಗಿದರೆ ಮೊಣಕಾಲಿನ ಕೆಳಗೆ ಒಂದು ದಿಂಬು. ಏಳುವಾಗ ನೇರ ಏಳಬೇಡಿ. ಮಗ್ಗುಲಾಗಿ, ಕಾಲು ಎರಡೂ ಮಂಚದಿಂದ ಇಳಿಬಿಟ್ಟು, ಕೈ ಊರಿ ಏಳಿ. ಕುಯ್ಲಿನ ಕಾಲದಲ್ಲಿ 50 ಕಿಲೋ ಚೀಲವನ್ನು ಒಬ್ಬರೇ ಎಳೆಯುವುದನ್ನು ನಿಲ್ಲಿಸಿ ಎಂದೂ ಕೇಳಿಕೊಳ್ಳುತ್ತೇನೆ. ಕಾಗದದಲ್ಲಿ ನೀವು ಬರೆದಿಲ್ಲ, ಆದರೆ ಆರು ಎಕರೆಯ ಮನೆಗಳಲ್ಲಿ ಅದು ಹೇಗೆ ನಡೆಯುತ್ತದೆ ಎಂದು ನನಗೆ ಗೊತ್ತು.

ನೋವು ಕಾಲಿಗೆ ಇಳಿದು ಜೋಮು ಹಿಡಿದರೆ, ಪಾದ ಎತ್ತಲು ಬಲ ಸಾಲದಿದ್ದರೆ, ಜ್ವರ ಬಂದರೆ, ಸುಮ್ನೆ ತೂಕ ಇಳಿದರೆ ಟಾಪರ್ ವಿಚಾರ ಬದಿಗಿಟ್ಟು ಡಾಕ್ಟರ ಹತ್ತಿರ ಹೋಗಿ. ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ತೊಡೆಸಂದಿನಲ್ಲಿ ಸ್ಪರ್ಶವೇ ಗೊತ್ತಾಗದಿದ್ದರೆ, ಅದೇ ದಿನ, ಅದೇ ಗಂಟೆ ಮಡಿಕೇರಿಯ ದೊಡ್ಡಾಸ್ಪತ್ರೆಗೆ ಹೊರಡಿ. ಮಳೆ, ರಾತ್ರಿ ಎಂದು ಕಾಯಬೇಡಿ.

ಪ್ರಶ್ನೆ: ಗಾಳಿಬೀಡಿನಲ್ಲಿ ನಮ್ಮದು ಎರಡು ಕೋಣೆಯ ಹೋಂಸ್ಟೇ. ಕಳೆದ ವರ್ಷ ಹಾಕಿದ ಮೆಮೊರಿ ಫೋಮ್ ಟಾಪರ್ ಈ ಮಳೆಗಾಲದಲ್ಲಿ ಮುಗ್ಗಲು ವಾಸನೆ ಬರುತ್ತಿದೆ. ಅಡಿಭಾಗದಲ್ಲಿ ಕಪ್ಪು ಚುಕ್ಕೆ. ತೊಳೆದು ಒಲೆ ಹತ್ತಿರ ಒಣಗಿಸಬಹುದಾ?
– ಓದುಗರೊಬ್ಬರು, ಗಾಳಿಬೀಡು

ಉತ್ತರ: ಒಲೆ ಹತ್ತಿರ ಖಂಡಿತ ಬೇಡ. ಮಳೆಗಾಲದಲ್ಲಿ ಬಟ್ಟೆಯನ್ನೆಲ್ಲ ಒಲೆಯ ಮೇಲೆ ಹರಡಿ ಒಣಗಿಸುವುದು ನಮಗೆ ರೂಢಿ. ಆದರೆ ಈ ಫೋಮ್ ಪಾಲಿಯುರೆಥೇನ್. ಕಿಡಿ ತಾಗಿದರೆ ಭಗ್ಗನೆ ಹತ್ತಿಕೊಳ್ಳುತ್ತದೆ, ಹೊಗೆ ವಿಷ. ತೊಳೆಯಲೂ ಬೇಡಿ. ಸ್ಪಂಜಿನ ಹಾಗೆ ನೀರು ಹೀರಿದರೆ ನಮ್ಮ ಜುಲೈಯಲ್ಲಿ ಅದು ಒಣಗುವ ಮಾತೇ ಇಲ್ಲ. ಬೂರುಗದ ಹತ್ತಿಯ ಹಾಸಿಗೆಯಂತೆ ಬಿಸಿಲಿಗೆ ಹಾಕುವ ಹಾಗೂ ಇಲ್ಲ. ಬಿಸಿಲಿಗೆ ಫೋಮ್ ಹಳದಿಯಾಗಿ ಪುಡಿಯಾಗುತ್ತದೆ. ನೆರಳು, ಗಾಳಿ ಎರಡೇ ಅದಕ್ಕೆ ಬೇಕಾದದ್ದು.

ಚುಕ್ಕೆ ಬೂಷ್ಟು. ಬರೀ ಕವರಿನ ಮೇಲಿದ್ದರೆ ಕವರ್ ತೆಗೆದು ಬಿಸಿನೀರಲ್ಲಿ ಒಗೆಯಿರಿ. ಫೋಮಿನ ಒಳಗೆ ಇಳಿದಿದ್ದರೆ ಎಸೆಯಿರಿ, ಹೊಟ್ಟೆ ಉರಿದರೂ ಎಸೆಯಿರಿ. ಬರುವ ಅತಿಥಿಗಳಲ್ಲಿ ಅಸ್ತಮಾ ಇದ್ದವರು ಇರುತ್ತಾರೆ. ನಿಮ್ಮ ಮಂಚಕ್ಕೆ ಅಡಿಯಲ್ಲಿ ಪೂರ್ತಿ ಪ್ಲೈವುಡ್ ಹೊಡೆದಿರಬೇಕು ಎಂದು ನನ್ನ ಅನುಮಾನ. ಮೈ ಬೆವರಿನ ತೇವ ಕೆಳಗೆ ಇಳಿದು ಪ್ಲೈವುಡ್ ಮೇಲೆ ಕೂತುಬಿಡುತ್ತದೆ. ಎರಡು ಬೆರಳು ಸಂದು ಬಿಟ್ಟು ಪಟ್ಟಿ ಹೊಡೆಸಿ. ಮಂಚವನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆಯಿರಿ. ಅತಿಥಿಗಳಿಲ್ಲದ ದಿನ ಟಾಪರನ್ನು ಕುರ್ಚಿಗಳಿಗೆ ಒರಗಿಸಿ ಎತ್ತಿ ನಿಲ್ಲಿಸಿ ಫ್ಯಾನ್ ಹಾಕಿ. ಅದು ಸುಲಭಕ್ಕೆ ಹರಿಯುವ ವಸ್ತು, ಒಂದು ಮೂಲೆ ಹಿಡಿದು ಎಳೆಯಬೇಡಿ, ಇಬ್ಬರು ಎತ್ತಿ.

ಪ್ರಶ್ನೆ: ಅಪ್ಪನಿಗೆ 71. ಮೊದಲಿನಿಂದ ನೆಲದ ಮೇಲೆ ಚಾಪೆ, ಅದರ ಮೇಲೆ ಕಂಬಳಿ ಹಾಸಿ ಮಲಗುತ್ತಾರೆ. ಬೆನ್ನು ನೋವು ಇಲ್ಲ. ಆದರೂ ಟಾಪರ್ ತಂದುಕೊಡಬೇಕಾ?
– ಓದುಗರೊಬ್ಬರು, ಶನಿವಾರಸಂತೆ

ಉತ್ತರ: ಬೇಡ. ನೋವಿಲ್ಲದ ಬೆನ್ನನ್ನು ಹಾಗೇ ಬಿಡಿ. ನೀವು ನೋಡಬೇಕಾದ್ದು ಅವರು ನೆಲದಿಂದ ಹೇಗೆ ಏಳುತ್ತಾರೆ ಎಂಬುದನ್ನು. ಗೋಡೆ, ಕಿಟಕಿ ಹಿಡಿದು ಏಳುತ್ತಿದ್ದರೆ ಒಂದು ತಗ್ಗು ಮಂಚ ಮಾಡಿಸಿ, ಅದೇ ಚಾಪೆ, ಅದೇ ಕಂಬಳಿ ಅದರ ಮೇಲೆ ಹಾಸಿಕೊಡಿ.