50 ಸಾವಿರದೊಳಗೆ ಬಿ.ಕಾಂ ಓದುವ ಮಗಳಿಗೆ ಯಾವ ಲ್ಯಾಪ್‌ಟಾಪ್ ತೆಗೆದುಕೊಳ್ಳಬಹುದು?

ಮಗಳು ಬಿ.ಕಾಂ ಸೇರಿದ್ದಾಳೆ, ಕೈಯಲ್ಲಿ 50 ಸಾವಿರ ಇದೆ, ಅಂಗಡಿಯವರು ‘ಐ5 ಇಲ್ಲದಿದ್ದರೆ ತಗೊಳ್ಳಲೇಬೇಡಿ’ ಅಂತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನು ಲ್ಯಾಪ್‌ಟಾಪ್ ರಿಪೇರಿ ಮಾಡುವವನು. ಐ5 ಅನ್ನೋದು ಇಂಟೆಲ್ ಕಂಪನಿಯ ಪ್ರೊಸೆಸರ್, ಅಂದ್ರೆ ಲ್ಯಾಪ್‌ಟಾಪಿನ ಮೆದುಳು. ನನ್ನನ್ನು ಕೇಳಿದರೆ, ಆ ಸ್ಟಿಕ್ಕರ್‌ಗೆ ಜಾಸ್ತಿ ದುಡ್ಡು ಕೊಡಬೇಡಿ. ಆ ದುಡ್ಡನ್ನು, ತೆರೆದಿಟ್ಟ ಕೆಲಸಗಳನ್ನು ಹಿಡಿದಿಡುವ ಮೆಮೊರಿ, ಅಂದ್ರೆ ರ್‍ಯಾಮ್‌ಗೆ ಹಾಕಿ.

ಬಿ.ಕಾಂ ಅಂದ್ರೆ ಟ್ಯಾಲಿ (ಲೆಕ್ಕಪತ್ರದ ಸಾಫ್ಟ್‌ವೇರ್), ಎಕ್ಸೆಲ್, ಪಿಪಿಟಿ, ಆನ್‌ಲೈನ್ ಕ್ಲಾಸು, ಜೊತೆಗೆ ಬ್ರೌಸರ್‌ನಲ್ಲಿ ತೆರೆದಿಟ್ಟ ಹತ್ತಿಪ್ಪತ್ತು ಟ್ಯಾಬ್. ಇದಕ್ಕೆಲ್ಲ ಭಾರಿ ಪ್ರೊಸೆಸರ್ ಬೇಕಾಗಿಲ್ಲ.

ಐ5 ಅನ್ನೋದು ಮನೆತನದ ಹೆಸರಿದ್ದ ಹಾಗೆ. ಆ ಮನೆಯಲ್ಲಿ ಅಜ್ಜನೂ ಇರುತ್ತಾರೆ, ಮೊಮ್ಮಗನೂ ಇರುತ್ತಾನೆ. ನೀವು ನೋಡಬೇಕಾದ್ದು ಅದರ ಮುಂದಿನ ಪೂರ್ತಿ ನಂಬರನ್ನು. 2017ರಲ್ಲಿ ಬಂದ ಐ5-8250ಯು ಪ್ರೊಸೆಸರ್‌ನಲ್ಲಿ ಇರುವುದು 4 ಕೋರ್, ಅಂದ್ರೆ ಒಟ್ಟಿಗೆ ಕೆಲಸ ಮಾಡುವ 4 ಘಟಕ. ಐ3-1215ಯು 12ನೇ ಜನರೇಷನ್ನಿನದು, ಅದರಲ್ಲಿ 6 ಕೋರ್ ಇದೆ. ಹೆಸರಿಗೆ ಐ3, ಆದರೆ ಕೆಲಸದಲ್ಲಿ ಆ ಹಳೇ ಐ5ಗಿಂತ ಚುರುಕು.

ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿ ಕಂಪನಿಯ ರೈಜನ್ ಪ್ರೊಸೆಸರ್‌ಗಳಲ್ಲಿ ಇನ್ನೂ ಹುಷಾರಾಗಿರಬೇಕು. ರೈಜನ್ 5 7520ಯು, ರೈಜನ್ 5 7530ಯು. ಅಂಗಡಿಯಲ್ಲಿ ಅಕ್ಕಪಕ್ಕ ಇಟ್ಟರೆ ಎರಡೂ ಒಂದೇ ಅನ್ನಿಸುತ್ತದೆ. ಆದರೆ ಮೂರನೇ ಅಂಕಿಯಲ್ಲೇ ಗುಟ್ಟು ಇರುವುದು. ಅಲ್ಲಿ 2 ಇದ್ದರೆ ಒಳಗಿನ ವಿನ್ಯಾಸ 2019ರ ಜೆನ್ 2, ಕೋರ್ 4. ಅಲ್ಲಿ 3 ಇದ್ದರೆ ಅದಕ್ಕಿಂತ ಹೊಸ ಜೆನ್ 3, ಕೋರ್ 6. ಬೆಲೆಯಲ್ಲಿ ಸ್ವಲ್ಪ ವ್ಯತ್ಯಾಸ ಇದ್ದರೂ 7530ಯು ಕಡೆಗೇ ಹೋಗಿ. 7520ಯುಗೆ ಇನ್ನೊಂದು ತೊಂದರೆ ಇದೆ. ಅದರ ರ್‍ಯಾಮ್ ಮದರ್‌ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಕೊಂಡಾಗ 8 ಜಿಬಿ ಇದ್ದರೆ ಕೊನೆಯವರೆಗೂ ಅಷ್ಟೇ.

ವಿಂಡೋಸ್ 11, ಕ್ರೋಮ್, ಒಂದು ವಿಡಿಯೋ ಕ್ಲಾಸ್ ಒಟ್ಟಿಗೆ ಓಡಿಸಿದರೆ 8 ಜಿಬಿ ಬೇಗ ತುಂಬಿಹೋಗುತ್ತದೆ. ‘ಲ್ಯಾಪ್‌ಟಾಪ್ ಸ್ಲೋ ಆಗಿದೆ’ ಅಂತ ನನ್ನ ಹತ್ತಿರ ತರುವವರಲ್ಲಿ ಬಹಳಷ್ಟು ಜನರ ಪ್ರೊಸೆಸರ್ ಚೆನ್ನಾಗೇ ಇರುತ್ತದೆ. ಸಾಲದಿರುವುದು ರ್‍ಯಾಮ್. ಹಾಗಾಗಿ ಒಂದೇ ಬೆಲೆಗೆ ಐ5 ಜೊತೆ 8 ಜಿಬಿ, ಐ3 ಜೊತೆ 16 ಜಿಬಿ ಸಿಕ್ಕರೆ ಎರಡನೆಯದನ್ನು ಕಣ್ಣುಮುಚ್ಚಿ ತಗೊಳ್ಳಿ. ‘ಈಗ 8 ಸಾಕು, ಮುಂದೆ ಹಾಕಿಸೋಣ’ ಅನ್ನೋ ಲೆಕ್ಕ ಮೊದಲಿನ ಹಾಗೆ ನಡೆಯುವುದಿಲ್ಲ. 2025ರ ಕೊನೆಯಿಂದ ರ್‍ಯಾಮ್ ಬೆಲೆ ಸಿಕ್ಕಾಪಟ್ಟೆ ಏರಿದೆ.

ಮುಂದೆ ರ್‍ಯಾಮ್ ಹಾಕಿಸುವ ಸ್ಲಾಟ್ (ಖಾಲಿ ಜಾಗ) ಇದೆಯಾ ಇಲ್ವಾ ಅಂತ ಅಂಗಡಿಯಲ್ಲೇ ತಿಳಿಯಬಹುದು. ಡೆಮೊ ಪೀಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್‌ಗೆ ಹೋಗಿ ಮೆಮೊರಿ ಒತ್ತಿ, ಕೆಳಗೆ ನೋಡಿ. ‘ಸ್ಲಾಟ್ಸ್ ಯೂಸ್ಡ್: 1 ಆಫ್ 2’ ಅಂತಿದ್ದು, ಫಾರ್ಮ್ ಫ್ಯಾಕ್ಟರ್ ಎದುರಿಗೆ ‘ಸೋಡಿಮ್’ (ಬಿಚ್ಚಿ ಹಾಕಬಹುದಾದ ರ್‍ಯಾಮ್) ಅಂತಿದ್ದರೆ ಮುಂದೆ ಹಾಕಿಸಲು ಜಾಗ ಇದೆ. ಅಲ್ಲಿ ‘ರೋ ಆಫ್ ಚಿಪ್ಸ್’ ಅಂತಿದ್ದರೆ ರ್‍ಯಾಮ್ ಬೆಸುಗೆಯದು. ಕೆಲವು ಮಾಡೆಲ್‌ಗಳಲ್ಲಿ ಬೆಸುಗೆಯ ಜೊತೆಗೆ ಒಂದು ಸ್ಲಾಟೂ ಇರುತ್ತದೆ, ಅದನ್ನು ಕೇಳಿ ಖಚಿತ ಮಾಡಿಕೊಳ್ಳಿ.

ಎಸ್‌ಎಸ್‌ಡಿ (ಫೈಲ್‌ಗಳು ಉಳಿಯುವ ಜಾಗ) 512 ಜಿಬಿ ಇರಲಿ. ಒಳಗೆ 476 ಅಂತ ತೋರಿಸಿದರೆ ಗಾಬರಿ ಬೇಡ, ಅದು ವಿಂಡೋಸ್ ಲೆಕ್ಕ ಹಾಕುವ ರೀತಿ.

ಇನ್ನು ಹಿಂಜ್, ಅಂದ್ರೆ ಪರದೆ ಮಡಚುವ ಜಾಗ. ಇದನ್ನು ಯಾರೂ ನೋಡುವುದೇ ಇಲ್ಲ. ಕಾಲೇಜು ಮಕ್ಕಳ ಲ್ಯಾಪ್‌ಟಾಪ್ ಮುರಿಯುವುದು ಹೆಚ್ಚಾಗಿ ಅಲ್ಲೇ. ಹಿಂಜಿನ ಸ್ಕ್ರೂ ಹೆಚ್ಚಾಗಿ ಕೂತಿರುವುದು ಪ್ಲಾಸ್ಟಿಕ್ಕಿನಲ್ಲಿ. ಒಂದೇ ಮೂಲೆ ಹಿಡಿದು ದಿನಾ ಎತ್ತಿದರೆ ಆ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಅಂಗಡಿಯಲ್ಲಿ ಪರದೆಯನ್ನು ನಿಧಾನಕ್ಕೆ ತೆರೆದು ಮುಚ್ಚಿ ನೋಡಿ. ತುಂಬಾ ಬಿಗಿಯಾಗಿದ್ದು ಮೂಲೆ ಬಾಗುತ್ತಿದ್ದರೆ ಬೇರೆ ಮಾಡೆಲ್ ನೋಡಿ. ಪರದೆಯ ಮಧ್ಯ ಹಿಡಿದು ತೆರೆಯಲು ಮಗಳಿಗೂ ಹೇಳಿ.

ಕ್ರೋಮ್‌ಬುಕ್ (ವಿಂಡೋಸ್ ಬದಲು ಗೂಗಲ್‌ನ ಕ್ರೋಮ್‌ಓಎಸ್ ಇರುವ ಲ್ಯಾಪ್‌ಟಾಪ್) ಬೇಡ, ಈಗಿನ ಟ್ಯಾಲಿ, ಅಂದ್ರೆ ಟ್ಯಾಲಿಪ್ರೈಮ್, ಇರುವುದು ವಿಂಡೋಸ್‌ಗೆ. ಅಂದಹಾಗೆ, ಟ್ಯಾಲಿ ಕಲಿಯಲು ದುಡ್ಡು ಕೊಡಬೇಕಿಲ್ಲ. ಅದರಲ್ಲೇ ಎಜುಕೇಷನಲ್ ಮೋಡ್ ಇದೆ. ತಿಂಗಳ ಕೆಲವೇ ತಾರೀಕುಗಳಿಗೆ ಮಾತ್ರ ಎಂಟ್ರಿ ಹಾಕಬಹುದು, ಅಭ್ಯಾಸಕ್ಕೆ ಅಷ್ಟು ಸಾಕು. ಎಂಎಸ್ ಆಫೀಸ್ ವಿಷಯದಲ್ಲಿ ಮಾತ್ರ ಬಾಯಿಬಿಟ್ಟು ಕೇಳಿ. ಕೆಲವುದರಲ್ಲಿ ಶಾಶ್ವತವಾಗಿ ಬಳಸುವ ‘ಹೋಮ್’ ಇಲ್ಲವೇ ‘ಹೋಮ್ ಆಂಡ್ ಸ್ಟೂಡೆಂಟ್’ ಆವೃತ್ತಿ ಇರುತ್ತದೆ, ಕೆಲವುದರಲ್ಲಿ ಬರೀ ಟ್ರಯಲ್.

ಕೊನೆಗೆ, ನಿಮ್ಮ ಜಿಲ್ಲಾ ಕೇಂದ್ರದಲ್ಲಿ ಆ ಕಂಪನಿಯ ಸರ್ವಿಸ್ ಸೆಂಟರ್ ಇದೆಯಾ, ವಾರಂಟಿ ಮನೆಗೇ ಬಂದು ಮಾಡುವಂಥದ್ದಾ ಅಂತ ವಿಚಾರಿಸಿ. ಜಿಎಸ್‌ಟಿ ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳದೆ ದುಡ್ಡು ಕೊಡಬೇಡಿ. ಎರಡು ಮೂರು ಮಾಡೆಲ್ ಮನಸ್ಸಿಗೆ ಬಂದರೆ ಅವುಗಳ ಪೂರ್ತಿ ನಂಬರ್ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.