ಊರಲ್ಲಿ ಸಾಕೋ ಬಾತುಕೋಳಿ ಎಲ್ಲಾ ಒಂದೇ ಮೂಲದ್ದಾ?

ಅಲ್ಲ, ಎರಡು ಮೂಲ ಇದೆ. ನಮ್ಮ ಕುಮಟಾ ಕಡೆ ಗದ್ದೆ ನೀರಲ್ಲಿ ಕಾಣೋ ಬಿಳಿ, ಕಂದು ಬಾತು, ಪೆಕಿನ್, ಖಾಕಿ ಕ್ಯಾಂಪ್‌ಬೆಲ್, ರನ್ನರ್ ಅನ್ನೋ ತಳಿಗಳು ಎಲ್ಲಾ ಮಲ್ಲಾರ್ಡ್ ಅನ್ನೋ ಕಾಡುಬಾತಿನ ವಂಶ, ಗಂಡಿನ ಬಾಲದ ಮೇಲೆ ಸುರುಳಿ ಸುತ್ತಿದ ಗರಿ ಇರ್ತದಲ್ಲ, ಕಾಡು ಮಲ್ಲಾರ್ಡ್ ಗಂಡಿಗೂ ಥೇಟ್ ಹಾಗೇ ಇರ್ತದೆ. ಪೆಕಿನ್ ಬೆಳ್ಳಗಾದದ್ದು ಎಮ್‌ಐಟಿಎಫ್ ಅನ್ನೋ ಜೀನ್‌ನಲ್ಲಿ ಆದ ಬದಲಾವಣೆಯಿಂದ, ಬಣ್ಣ ಮಾಡೋ ಕೋಶಗಳೇ ಗರಿಯಲ್ಲಿ ಬೆಳೆಯಲ್ಲ, ಕಾಡಲ್ಲಾದ್ರೆ ಅಂಥ ಬಿಳಿ ಹಕ್ಕಿ ಗಿಡುಗನ ಕಣ್ಣಿಗೆ ಬೇಗ ಬೀಳ್ತಿತ್ತು, ಚೀನಾದಲ್ಲಿ ಜನ ಅದನ್ನೇ ಆರಿಸಿ ಆರಿಸಿ ಮರಿ ಮಾಡಿಸಿದ್ರು.

ಇನ್ನು ಮುಖದ ಮೇಲೆ ಕೆಂಪು ಗಂಟು ಗಂಟು ಇರೋ ದಪ್ಪ ಬಾತು ಬಂತಲ್ಲ, ಅದು ಮಸ್ಕೊವಿ, ಅದ್ರ ಮೂಲ ಮಧ್ಯ ಮತ್ತು ದಕ್ಷಿಣ ಅಮೆರಿಕ. 1492ರಲ್ಲಿ ಕೊಲಂಬಸ್ ಹೋಗೋ ಮೊದ್ಲೇ ಅಲ್ಲಿನ ಮೂಲನಿವಾಸಿಗಳು ಸಾಕ್ತಿದ್ರು. ಇದು ಕ್ವಾಕ್ ಅನ್ನಲ್ಲ, ಗಂಡು ಬುಸ್ ಅಂತದೆ ಅಷ್ಟೇ, ಕಾಲಲ್ಲಿ ಗಟ್ಟಿ ಉಗುರು ಇರೋದ್ರಿಂದ ಮರದ ಮೇಲೂ ಕೂರ್ತದೆ.

ಮೊಟ್ಟೆಯಲ್ಲೂ ವ್ಯತ್ಯಾಸ. ನಮ್ಮಜ್ಜಿ ಎರಡೂ ನಮೂನೆ ಮೊಟ್ಟೆ ಒಂದೇ ಹೇಂಟೆ ಕೆಳಗೆ ಇಟ್ಟು, ಒಂದಷ್ಟು 28 ದಿನಕ್ಕೆ ಒಡೆದ ಮೇಲೆ ಉಳಿದದ್ದು ಹಾಳಾಯ್ತು ಅಂತ ಎಸೆದಿದ್ರು, ಪಾಪ, ಮಸ್ಕೊವಿಗೆ ಸುಮಾರು 35 ದಿನ ಬೇಕು ಅಂತ ಆಮೇಲೆ ಗೊತ್ತಾಯ್ತು. ಎರಡನ್ನೂ ಕ್ರಾಸ್ ಮಾಡಿದ್ರೆ ಮರಿ ಏನೋ ಹುಟ್ತದೆ, ಆದ್ರೆ ಹೇಸರಗತ್ತೆ ಥರ ಅದಕ್ಕೆ ಮುಂದೆ ಮರಿ ಆಗಲ್ಲ, ಅಷ್ಟು ದೂರದ ಸಂಬಂಧ ಅವೆರಡ್ರದ್ದು.