ಅಟ್ಲಾಂಟಾಕ್ಕೆ ಬರುವ ತಮ್ಮನಿಗೆ: ಬಿಗ್ ಬಾಯ್ ಆಲ್ಬಮ್ಮು ಮತ್ತು ಒಂದು ರುಜು

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಆಗಸ್ಟಿಗೆ ಜಾರ್ಜಿಯಾ ಸ್ಟೇಟ್ ಯೂನಿವರ್ಸಿಟಿಗೆ ಎಂಎಸ್ ಮಾಡೋಕೆ ಬರ್ತಿದ್ದೀಯ. ದಾವಣಗೆರೆಯಲ್ಲಿ ಗೆಳೆಯನ ಜೊತೆ ಸೇರಿ ಕನ್ನಡದಲ್ಲಿ ರ‍್ಯಾಪ್ ಮಾಡ್ತೀಯ. ಅಟ್ಲಾಂಟಾದ ರ‍್ಯಾಪರ್ ಬಿಗ್ ಬಾಯ್‌ನ 2010ರ ಆಲ್ಬಮ್ ‘ಸರ್ ಲೂಶಿಯಸ್ ಲೆಫ್ಟ್ ಫುಟ್: ದಿ ಸನ್ ಆಫ್ ಚಿಕೋ ಡಸ್ಟಿ’ ಕೇಳಿ ಕೇಳಿ ಈ ಊರನ್ನ ಮನಸ್ಸಲ್ಲೇ ಕಟ್ಟಿಕೊಂಡಿದ್ದೀಯ. ಮನೆ ಎಲ್ಲಿ ಮಾಡೋದು, ಊಟಕ್ಕೇನು, ಕಾರು ಬೇಕಾ, ಆ ಹಾಡುಗಳ ಅಟ್ಲಾಂಟಾ ನಿಜವಾಗ್ಲೂ ಇದೆಯಾ, ಅಲ್ಲಿಗೆ ನಮ್ಮಂಥವರು ಹೋಗಬಹುದಾ ಅಂತ ಕೇಳಿದ್ದೀಯ. ನಮ್ಮ ಕಡೆಯಿಂದ ಬಂದ ಹುಡುಗರು ಯಾರೂ ಇವತ್ತಿನವರೆಗೆ ನನ್ನ ಹತ್ರ ಆ ಆಲ್ಬಮ್ಮಿನ ಹೆಸರು ಎತ್ತಿರಲಿಲ್ಲ. ತುಂಬಾ ಖುಷಿಯಾಯ್ತು.

ಮನೆ, ಊಟದ ವಿಷಯ ಬೇಗ ಮುಗಿಸ್ತೀನಿ. ಕ್ಯಾಂಪಸ್ ಹತ್ರಾನೇ ಇಬ್ಬರು ಮೂವರು ಸೇರಿ ಮನೆ ಮಾಡಿ. ಮೊದಲ ವರ್ಷ ಕಾರು ಬೇಡ, ಇನ್ಶೂರೆನ್ಸೇ ಬೆನ್ನು ಮುರಿಯುತ್ತೆ. ಡೆಕೇಟರ್‌ನ ಪಟೇಲ್ ಪ್ಲಾಜಾದಲ್ಲಿ ಅಕ್ಕಿ ಬೇಳೆ ಎಲ್ಲಾ ಸಿಗುತ್ತೆ. ಅಮ್ಮನ ಕೈಲಿ ಸಾರಿನ ಪುಡಿ, ಚಟ್ನಿಪುಡಿ ಮಾಡಿಸಿಕೊಂಡು ಬಾ. ಬೆಣ್ಣೆದೋಸೆ ಊರಲ್ಲೇ ತಿಂದು ಬಾ. ಏಪ್ರಿಲ್ ಹೊತ್ತಿಗೆ ಪೈನ್ ಮರಗಳ ಹಳದಿ ಪುಡಿ ಕಾರು, ಕಿಟಕಿ, ಮೂಗು ಎಲ್ಲಾ ಕಡೆ ಕೂರುತ್ತೆ, ಗಾಬರಿಯಾಗಬೇಡ. ನೃಪತುಂಗ ಕನ್ನಡ ಕೂಟ ಇದೆ, ಯುಗಾದಿಗೆ ಬಾ, ಪರಿಚಯ ಮಾಡಿಸ್ತೀನಿ.

ಇನ್ನು ಆ ಊರು. ಏರ್‌ಪೋರ್ಟಲ್ಲಿ ಇಳಿದ ಮೇಲೆ ಮಾರ್ಟಾ ರೈಲು ಹತ್ತು. ಮೊದಲು ಬರೋದೇ ಕಾಲೇಜ್ ಪಾರ್ಕ್, ಆಮೇಲೆ ಈಸ್ಟ್ ಪಾಯಿಂಟ್. ಬಿಗ್ ಬಾಯ್, ಆಂಡ್ರೆ 3000 ಇಬ್ಬರೂ ಓದಿದ್ದು ಈಸ್ಟ್ ಪಾಯಿಂಟಿನ ಟ್ರೈ-ಸಿಟೀಸ್ ಹೈಸ್ಕೂಲಲ್ಲಿ. ಅಲ್ಲಿಂದ ಮುಂದೆ ಲೇಕ್‌ವುಡ್. ಆ ಕಡೆ ರಿಕೋ ವೇಡ್ ಅನ್ನೋ ಪ್ರೊಡ್ಯೂಸರ್‌ನ ತಾಯಿಯ ಮನೆ ಇತ್ತು. ಅದರ ನೆಲಮಾಳಿಗೆಗೆ ನೆಲವೇ ಹಾಕಿರಲಿಲ್ಲ, ಬರೀ ಜಾರ್ಜಿಯಾದ ಕೆಂಪು ಮಣ್ಣು. ‘ಡಂಜನ್’ ಅಂತಿದ್ದ ಆ ಗುಂಡಿಯಲ್ಲೇ ಅವರಿಬ್ಬರ ರ‍್ಯಾಪ್ ಜೋಡಿ ಔಟ್‌ಕ್ಯಾಸ್ಟ್ ಹುಟ್ಟಿದ್ದು, 1994ರಲ್ಲಿ ಮೊದಲ ಆಲ್ಬಮ್ ಬಂದಿದ್ದು. 2019ರಲ್ಲಿ ಬಿಗ್ ಬಾಯ್ ಆ ಮನೆಯನ್ನೇ ಕೊಂಡ. ನೀನು ಫೈವ್ ಪಾಯಿಂಟ್ಸಲ್ಲಿ ಇಳಿದು ರೈಲು ಬದಲಾಯಿಸಿದರೆ ಮುಂದಿನ ಸ್ಟೇಷನ್ನೇ ನಿನ್ನ ಯೂನಿವರ್ಸಿಟಿ. ಅಂದರೆ ರೂಮಿಗೆ ಹೋಗೋದಕ್ಕೆ ಮೊದಲೇ ನಿನ್ನ ಆಲ್ಬಮ್ಮಿನ ಊರು ದಾಟಿರ್ತೀಯ.

ಇದೆಲ್ಲಾ ಇರೋದು ಊರಿನ ದಕ್ಷಿಣದಲ್ಲಿ. ‘ಸೌತ್ ಸೈಡಿಗೆ ಹೋಗಬೇಡ’ ಅಂತ ನಮ್ಮವರೇ ಹೇಳ್ತಾರೆ. ರಿವರ್‌ಡೇಲ್‌ನ ವೆಂಕಟೇಶ್ವರ ದೇವಸ್ಥಾನ ಇರೋದು ಅದೇ ದಿಕ್ಕಲ್ಲಿ. ಶನಿವಾರ ಅಲ್ಲಿ ಪುಳಿಯೋಗರೆ ತಿಂದು, ಕಾರಿನ ಗ್ಲಾಸ್ ಏರಿಸಿಕೊಂಡು ಉತ್ತರದ ಉಪನಗರ ಜಾನ್ಸ್ ಕ್ರೀಕಿಗೆ ವಾಪಸ್ ಬಂದು ಈ ಬುದ್ಧಿಮಾತು ಹೇಳ್ತಾರೆ. ಕತ್ತಲಾದ ಮೇಲೆ ಒಬ್ಬನೇ ಗೊತ್ತಿಲ್ಲದ ಬೀದಿ ಸುತ್ತಬೇಡ, ಅದು ಯಾವ ಊರಿಗಾದ್ರೂ ಅನ್ವಯಿಸುತ್ತೆ. ಆದರೆ ಈ ಊರಿಗೆ ಹೆಸರು ತಂದುಕೊಟ್ಟ ಜನರ ಬಗ್ಗೆ ಆ ಹೆದರಿಕೆಯನ್ನ ಮೈಗೂಡಿಸಿಕೊಳ್ಳಬೇಡ.

ನನಗೆ ಆ ಆಲ್ಬಮ್ ಕೇಳಿಸಿದವನು ಈಸ್ಟ್ ಪಾಯಿಂಟಿನ ಒಬ್ಬ ಸಹೋದ್ಯೋಗಿ. 2010ರ ಜುಲೈ, ರಿಲೀಸ್ ಆದ ವಾರ. ಮಧ್ಯಾಹ್ನ ಊಟಕ್ಕೆ ಹೊರಟಾಗ ಕಾರಲ್ಲಿ ‘ಶಟರ್‌ಬಗ್’ ಹಾಕಿದ. ಟಾಕ್ ಬಾಕ್ಸ್ ಗೊತ್ತಲ್ಲ, ಕೊಳವೆಯ ತುದಿ ಬಾಯಲ್ಲಿಟ್ಟುಕೊಂಡ್ರೆ ಕೀಬೋರ್ಡಿನ ಸ್ವರ ತುಟಿ ಆಡಿಸಿದ ಹಾಗೆಲ್ಲಾ ಮಾತಾಗುತ್ತೆ. ಆ ದನಿ ಶುರುವಾಗಿ ಬೇಸ್ ಬಿದ್ದಾಗ ಹಿಂದಿನದನ್ನ ತೋರಿಸೋ ಕನ್ನಡಿ ನಡುಗಿ ರಸ್ತೆಯೇ ಎರಡಾಗಿ ಕಾಣ್ತು. ಎಪ್ಪತ್ತರ ದಶಕದ ಫಂಕ್ ಸಂಗೀತವನ್ನ ಬಿಗ್ ಬಾಯ್ ಅಲಂಕಾರಕ್ಕೆ ಇಟ್ಟುಕೊಂಡಿಲ್ಲ, ಅದೇ ಆ ಆಲ್ಬಮ್ಮಿನ ನಡಿಗೆ. ಆ ಸಂಗೀತದ ದೊಡ್ಡ ಯಜಮಾನ ಜಾರ್ಜ್ ಕ್ಲಿಂಟನ್ ಒಂದು ಹಾಡಿಗೆ ಖುದ್ದು ದನಿ ಕೊಟ್ಟಿದ್ದಾರೆ. ಇನ್ನೊಂದು ಕಡೆ ಇಟಲಿಯ ಸಂಗೀತಗಾರ ವೆರ್ಡಿಯ ‘ಐಡಾ’ ಒಪೆರಾದ ವೃಂದಗಾನದ ಮೇಲೇ ರ‍್ಯಾಪ್ ಮಾಡ್ತಾನೆ, ಒಂದು ಮಾತ್ರೆ ಆಚೀಚೆ ಆಗಲ್ಲ. ಜನ ಆಂಡ್ರೆಯನ್ನ ಮೇಧಾವಿ ಅಂತಾರೆ, ಬಿಗ್ ಬಾಯ್‌ನನ್ನ ಜೊತೆಗಾರ ಅಂತಾರೆ. ನಾನು ಒಪ್ಪಲ್ಲ. ಲಯದ ಲೆಕ್ಕದಲ್ಲಿ ಅವನಿಗೆ ಸಮ ಯಾರೂ ಇಲ್ಲ ಅಂತಲೇ ನನ್ನ ನಂಬಿಕೆ. ಚಿಕೋ ಡಸ್ಟಿ ಅವನ ತಂದೆಗಿದ್ದ ಹೆಸರು. ಅಪ್ಪನ ಹೆಸರನ್ನ ಪಾಸ್‌ಪೋರ್ಟಲ್ಲಿ ಹೊತ್ತು ತಿರುಗೋ ನಮಗೆ ಅದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಆ ಸಹೋದ್ಯೋಗಿ ಇನ್ನೊಂದು ವಿಷಯ ಹೇಳಿದ. 2007ರಿಂದ ಕಟ್ಟಿದ ಆಲ್ಬಮ್ ಅದು. ಔಟ್‌ಕ್ಯಾಸ್ಟ್ ಜೋಡಿಯ ಕರಾರು ಜೈವ್ ರೆಕಾರ್ಡ್ಸ್ ಅನ್ನೋ ಸಂಗೀತ ಕಂಪನಿ ಹತ್ರ ಇತ್ತು, ಹೊಂದಾಣಿಕೆ ಆಗಲಿಲ್ಲ. ಬಿಗ್ ಬಾಯ್ ಅಲ್ಲಿಂದ ಬಿಡಿಸಿಕೊಂಡು ಡೆಫ್ ಜಾಮ್ ಅನ್ನೋ ಇನ್ನೊಂದು ಕಂಪನಿಗೆ ಹೋದ. ಆದರೆ ಆಂಡ್ರೆ ಹಾಡಿದ ಹಾಡುಗಳನ್ನ ಹಾಕಿಕೊಳ್ಳೋಕೆ ಜೈವ್ ಬಿಡಲಿಲ್ಲ. ಹಾಗಾಗಿ ಒಂದು ಹಾಡಿಗೆ ಆಂಡ್ರೆ ಸಂಗೀತ ಮಾಡಿದ್ದಾನೆ, ದನಿ ಮಾತ್ರ ಎಲ್ಲೂ ಇಲ್ಲ. ಹೈಸ್ಕೂಲಿಂದ ಜೊತೆಗಿದ್ದವನು ಗೆಳೆಯನ ಮೊದಲ ಸ್ವಂತ ಆಲ್ಬಮ್ಮಲ್ಲಿ ಬಾಯಿ ತೆರೆಯೋ ಹಾಗಿರಲಿಲ್ಲ.

ಆ ವರ್ಷ ನನ್ನ ಸ್ಥಿತಿಯೂ ಅದೇ. ನನ್ನನ್ನ ಕರೆತಂದಿದ್ದು ಒಂದು ಕನ್ಸಲ್ಟೆನ್ಸಿ, ಅಂದ್ರೆ ಬೇರೆ ಕಂಪನಿಗಳ (ಕ್ಲೈಂಟ್) ಕೆಲಸಕ್ಕೆ ಜನರನ್ನ ಕಳಿಸೋ ಸಂಸ್ಥೆ. ಬೆಂಗಳೂರಲ್ಲಿ ವಿಮಾನ ಹತ್ತೋ ಹಿಂದಿನ ಸಂಜೆ ದಪ್ಪ ಕಟ್ಟು ಕಾಗದ ಮುಂದಿಟ್ಟು ರುಜು ಹಾಕಿಸಿಕೊಂಡ್ರು. ಮಧ್ಯ ಬಿಟ್ಟರೆ ದಂಡ, ಕ್ಲೈಂಟ್ ಕಂಪನಿಗೆ ಸೇರೋ ಹಾಗಿಲ್ಲ ಅನ್ನೋ ಸಾಲುಗಳು ಅದರೊಳಗಿದ್ದವು. ಇಲ್ಲಿ ಕ್ಲೈಂಟೇ ಕರೆದು ಕೆಲಸ ಕೊಟ್ಟಾಗ ಕನ್ಸಲ್ಟೆನ್ಸಿಯವರು ವಕೀಲರ ಪತ್ರ ಕಳಿಸಿದ್ರು. ಅದೇ ಜನವರಿಯಲ್ಲಿ ಇಮಿಗ್ರೇಶನ್‌ನವರು ಕ್ಲೈಂಟ್ ಆಫೀಸಲ್ಲಿ ಕೆಲಸ ಮಾಡೋರ ಎಚ್-1ಬಿ (ಕೆಲಸದ ವೀಸಾ) ಅರ್ಜಿಗಳ ಮೇಲೆ ಬಿಗಿ ಮಾಡಿದ್ರು. ನನ್ನ ಅರ್ಜಿ ತಿಂಗಳುಗಟ್ಟಲೆ ಕೂತಿತು. ಊರಿಗೆ ಹೋದರೆ ಪಾಸ್‌ಪೋರ್ಟಿಗೆ ಹೊಸ ವೀಸಾ ಸ್ಟಾಂಪಿಂಗ್ ಇಲ್ಲದೆ ವಾಪಸ್ ಬರೋ ಹಾಗಿಲ್ಲ.

ಆಷಾಢ ಕಳೆದು ಶ್ರಾವಣದಲ್ಲಿ ತಿಪಟೂರಲ್ಲಿ ತಂಗಿ ಮದುವೆ. ಲಾಜಾಹೋಮಕ್ಕೆ ಅವಳ ಬೊಗಸೆಗೆ ಅರಳು ಹಾಕಬೇಕಾದವನು ನಾನು. ಚಿಕ್ಕಪ್ಪನ ಮಗ ಹಾಕಿದ. ಸ್ಕೈಪಲ್ಲಿ ಹೊಗೆ ಕಾಣ್ತಿತ್ತು, ಓಲಗ ತುಂಡು ತುಂಡಾಗಿ ಕೇಳ್ತಿತ್ತು. ಅವಳಿಗೀಗ ಹೈಸ್ಕೂಲಿಗೆ ಹೋಗೋ ಮಗ ಇದ್ದಾನೆ. ಮದುವೆ ಆಲ್ಬಮ್ ತೆಗೆದಾಗ ನಾನು ಆ ಪುಟ ದಾಟಿಸಿಬಿಡ್ತೀನಿ.

ಹಾಗಾಗಿ ಇಷ್ಟು ಕೇಳಿಸಿಕೋ. ಓದು ಮುಗಿದ ಮೇಲೆ ಓಪಿಟಿ, ಅಂದ್ರೆ ಸ್ಟೂಡೆಂಟ್ ವೀಸಾದಲ್ಲೇ ಕೆಲಸ ಮಾಡೋ ಅನುಮತಿ, ಒಂದು ವರ್ಷ, ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಕೋರ್ಸಾದ್ರೆ ಇನ್ನೂ 24 ತಿಂಗಳು ಸಿಗುತ್ತೆ. ಆ ಗಡಿಬಿಡಿಯಲ್ಲೇ ಇಂಥ ಕನ್ಸಲ್ಟೆನ್ಸಿಗಳು ಫೋನ್ ಮಾಡೋದು. ಬಾಂಡ್ ಇದೆಯಾ ನೋಡು. ಎಚ್-1ಬಿಯಲ್ಲಿ ಪ್ರಾಜೆಕ್ಟ್ ಇಲ್ಲದೆ ಬೆಂಚಲ್ಲಿ ಕೂರಿಸಿದ್ರೂ ಸಂಬಳ ಕೊಡಬೇಕು ಅನ್ನೋದು ಇಲ್ಲಿನ ಕಾನೂನು, ‘ಎಲ್ಲರೂ ಹೀಗೇ’ ಅಂದ್ರೆ ನಂಬಬೇಡ. ಆಫೀಸ್ ಹೊತ್ತಲ್ಲದೆ ನೀನು ಮಾಡಿದ್ದೂ ಕಂಪನಿಗೆ ಸೇರುತ್ತೆ ಅನ್ನೋ ಸಾಲು ಇದ್ದರೆ ನಿನ್ನ ಹಾಡುಗಳನ್ನ ಹೊರಗಿಡೋ ಹಾಗೆ ಬರೆಸಿಕೋ. ಸ್ಟೂಡೆಂಟ್ ವೀಸಾದಲ್ಲಿ ದುಡ್ಡು ತಗೊಂಡು ಸ್ಟೇಜ್ ಹತ್ತಬೇಡ, ಮೊದಲು ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಆಫೀಸಲ್ಲಿ ಕೇಳು.

ದಾವಣಗೆರೆಯಲ್ಲಿ ಉಳಿಯೋ ನಿನ್ನ ಗೆಳೆಯನ ಜೊತೆ, ಇದುವರೆಗಿನ ಹಾಡುಗಳಲ್ಲಿ ಯಾರದ್ದೆಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ರುಜು ಹಾಕಿ, ಹೊರಡೋದಕ್ಕೆ ಮೊದಲೇ. ಮುಂದೆ ಯಾವ ಕಂಪನಿಯ ಕಾಗದ ಬಂದ್ರೂ ನನಗೆ ಕಳಿಸು, ರಾತ್ರಿ ಎಷ್ಟೊತ್ತಾದ್ರೂ ಕೂತು ಓದ್ತೀನಿ. ಹಾಡುಗಳನ್ನೂ ಕಳಿಸು.